ತಿರುಳುಗನ್ನಡದ ಸೀಮೆಗೆ ಕಾಡಿಲ್ಲವೇ?

ಕಾಡು ನೋಡಿ ಬಂದವರು ಬರೆಯುವ ಬರಹಕ್ಕೆ ಕನ್ನಡದಲ್ಲಿ ಒಂದು ಸಿದ್ಧ ಅಚ್ಚಿದೆ. ನಸುಕಿನಲ್ಲಿ ಜೀಪು ಹೊರಡುತ್ತದೆ. ಮಂಜಿರುತ್ತದೆ. ಚಾಲಕ ಒಂದು ತಿರುವಿನಲ್ಲಿ ಎಂಜಿನ್ ಆರಿಸಿ ತುಟಿಯ ಮೇಲೆ ಬೆರಳಿಡುತ್ತಾನೆ. ಮಣ್ಣಿನಲ್ಲಿ ಹೆಜ್ಜೆಗುರುತು, ದೂರದಲ್ಲಿ ಕಡವೆಯ ಎಚ್ಚರಿಕೆಯ ಕೂಗು, ಆಮೇಲೆ ಹುಲಿ. ಹುಲಿ ಬಾರದೇ ಹೋದರೂ ಬರಹ ನಿಲ್ಲುವುದಿಲ್ಲ. ನಾವು ಹುಲಿಯನ್ನು ನೋಡಲಿಲ್ಲ, ಹುಲಿ ನಮ್ಮನ್ನು ನೋಡಿರಬಹುದು ಎಂಬ ವಾಕ್ಯವೊಂದು ಅದಕ್ಕೆಂದೇ ಕಾಯ್ದಿರಿಸಿದಂತೆ ಬಂದು ಕೂರುತ್ತದೆ. ನಾಗರಹೊಳೆಯ ಹೆಸರು ತೆಗೆದು ದಾಂಡೇಲಿ ಎಂದು ಹಾಕಿದರೂ ಇಂಥ ಬರಹಗಳಿಗೆ ಏನೂ ಆಗುವುದಿಲ್ಲ. ಗೇಲಿ ಮಾಡುವುದು ನನ್ನ ಉದ್ದೇಶವಲ್ಲ, ನಾನೂ ಇವನ್ನು ಆಸೆಯಿಂದ ಓದುವವನೇ. ಆದರೆ ಒಂದು ಬರಹದ ಪ್ರಕಾರ ನಮ್ಮ ಕಣ್ಣನ್ನು ಹೇಗೆ ತಿದ್ದುತ್ತದೆ, ಹಾಗೆ ತಿದ್ದಿದ ಕಣ್ಣಿಗೆ ಏನು ಕಾಣದಂತಾಗುತ್ತದೆ ಎಂದು ಕೇಳಲೇಬೇಕಾದ ಸೀಮೆಯೊಂದಿದೆ. ಅದು ಕೊಪ್ಪಳ.

1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಕೊಪ್ಪಳ ಜಿಲ್ಲೆಗೆ ಇದ್ದದ್ದು ನಾಲ್ಕು ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಕಾರಟಗಿ, ಕನಕಗಿರಿ, ಕುಕನೂರು ಆಮೇಲೆ ಆದವು. ಬಸ್ಸಿನ ಕಿಟಕಿಯಿಂದ ನೋಡಿದರೆ ಇಲ್ಲಿ ಕಾಣುವುದು ಬೋಳು ಗುಡ್ಡ, ಎರೆ ಹೊಲ, ಮಸಾರಿ ಹೊಲ, ಸಾಲು ಗಾಳಿಯಂತ್ರ, ಗುಂಪು ಕುರಿ. ಕಾಡು ನೋಡಲು ಬನ್ನಿ ಎಂದು ಯಾರನ್ನಾದರೂ ಕರೆದರೆ ಅವರು ಇದು ತಮಾಷೆ ಅಂದುಕೊಳ್ಳುತ್ತಾರೆ. ಆದರೆ ರಾಜ್ಯದ ಮೊದಲ ತೋಳಧಾಮ ಇರುವುದು ಗಂಗಾವತಿ ಸೀಮೆಯ ಬಂಕಾಪುರದಲ್ಲಿ. ದೇಶದಲ್ಲಿ ನೀರುನಾಯಿಗೆಂದೇ ಮೊದಲು ಮೀಸಲಾದ ಸಂರಕ್ಷಿತ ಪ್ರದೇಶ ಈ ಜಿಲ್ಲೆಯ ಮುದ್ಲಾಪುರದ ಬಳಿ ಶುರುವಾಗಿ ತುಂಗಭದ್ರೆಯ ಗುಂಟ ಕಂಪ್ಲಿ ಸೇತುವೆಯವರೆಗೆ 34 ಕಿಲೋಮೀಟರ್ ಹೋಗುತ್ತದೆ. ಹೊಳೆ ದಾಟಿದರೆ ದರೋಜಿ ಕರಡಿಧಾಮ. ಅಂದರೆ ತೋಳ, ನೀರುನಾಯಿ, ಕರಡಿ ಮೂರಕ್ಕೂ ಸರ್ಕಾರ ಒಂದೊಂದು ಗಡಿ ಬರೆದುಕೊಟ್ಟಿರುವುದು ನಾವು ಕಾಡೇ ಇಲ್ಲ ಎಂದುಕೊಂಡಿರುವ ಈ ಭಾಗದಲ್ಲಿ. ನಮ್ಮ ಸಾಹಿತ್ಯಕ್ಕೆ ಮಾತ್ರ ಇದರ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಇದರಲ್ಲೊಂದು ವಿಚಿತ್ರವಿದೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಎಲ್ಲಿದೆ ಎಂದು ಗುರುತಿಸುವಾಗ ನಾಲ್ಕು ಊರುಗಳ ಹೆಸರು ಹೇಳುತ್ತದೆ: ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ಕೊಪಣವೇ ಇಂದಿನ ಕೊಪ್ಪಳ. ನಾಲ್ಕೂ ಊರುಗಳನ್ನು ನಕಾಶೆಯಲ್ಲಿ ಸೇರಿಸಿ ಗೆರೆ ಎಳೆದರೆ ಒಳಗೆ ಸಿಗುವುದು ಬಯಲು, ಕುರುಚಲು, ಹುಲ್ಲುಗಾವಲು, ಕಲ್ಲುಗುಡ್ಡ. ಭಾಷೆಯ ತಿರುಳು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಕನ್ನಡ ಬೆಳೆದದ್ದು ತೋಳ ಓಡಾಡುವ ನೆಲದಲ್ಲಿ. ಆದರೆ ಕನ್ನಡದ ಓದುಗನನ್ನು ಕಣ್ಣುಮುಚ್ಚಿ ಕಾಡು ಅನ್ನು ಎಂದರೆ ಅವನ ಕಣ್ಣಿಗೆ ಬರುವುದು ಆಗುಂಬೆಯ ಮಳೆ.

ಇದು ಹೀಗಾದದ್ದಕ್ಕೆ ಕಾರಣವಿದೆ. ಕಾರಣ ನಮ್ಮ ಬಡತನವಲ್ಲ, ಶ್ರೀಮಂತಿಕೆ. ಕುವೆಂಪು, ಕಾರಂತ, ತೇಜಸ್ವಿಯವರಂಥ ಮೂವರು ಒಂದೇ ಘಟ್ಟಸಾಲಿನ ಕಾಡನ್ನು ಮೂರು ಬಗೆಯಲ್ಲಿ ಬರೆದು ಮುಗಿಸಿದ ಮೇಲೆ ಉಳಿದವರಿಗೆ ಕಾಡೆಂದರೆ ಅದೇ ಆಯಿತು. ಮಲೆನಾಡಿನ ಮನಸ್ಸು ಎಷ್ಟು ಹುಲಿಮಯವಾಗಿದೆ ಎಂದರೆ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಗುತ್ತಿಯ ನಾಯಿಯ ಹೆಸರೂ ಹುಲಿಯ! ಬಯಲು ಸೀಮೆಯ ಕಥನವೂ ಕಡಿಮೆಯದಲ್ಲ. ರಾವಬಹಾದ್ದೂರರ 'ಗ್ರಾಮಾಯಣ'ದಿಂದ ಹಿಡಿದು ಕುಂ. ವೀರಭದ್ರಪ್ಪ, ಅಮರೇಶ ನುಗಡೋಣಿಯವರವರೆಗೆ ಗಟ್ಟಿಯಾದ ಪರಂಪರೆ ಇದೆ. ಆದರೆ ಅಲ್ಲಿ ನೆಲವೆಂದರೆ ಬಹುಮಟ್ಟಿಗೆ ಹೊಲ. ಹೊಲವೆಂದರೆ ಒಡೆತನ, ಸಾಲ, ಬರ, ದಾಯಾದಿ ಜಗಳ. ಪ್ರಾಣಿಯೆಂದರೆ ಎತ್ತು, ಎಮ್ಮೆ, ಕುರಿ. ಹೊಲದ ಬದುವಿನಾಚೆಗೆ ಯಾರೂ ಉಳದ, ಯಾರ ಹೆಸರಿಗೂ ಸರಿಯಾಗಿ ಇರದ ಜಾಗವಿದೆಯಲ್ಲ, ಗಾಯರಾಣ, ಮರಡಿ, ಹಳ್ಳದ ದಂಡೆ, ಅಲ್ಲಿಗೆ ಪಾತ್ರಗಳು ಹೋಗುವುದು ತಲೆಮರೆಸಿಕೊಳ್ಳಲು ಅಥವಾ ಸಾಯಲು. ಆ ಜಾಗ ತನ್ನ ಪಾಡಿಗೆ ತಾನು ಬದುಕುತ್ತಿದೆ ಎಂಬ ಅರಿವು ಕಥನದೊಳಗೆ ವಿರಳ. ಮಲೆನಾಡಿನ ಬರಹ ಕಾಡನ್ನು ಕಂಡಿತು, ಬಯಲಿನ ಬರಹ ಮನುಷ್ಯನ ಸಂಕಟವನ್ನು ಕಂಡಿತು. ಬಯಲಿನ ಕಾಡು ಎರಡರ ನಡುವೆ ಜಾರಿಹೋಯಿತು.

ತೋಳವನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಅದು ಎಲ್ಲಿದೆ ಎಂದು ಹುಡುಕಿದರೆ ಮೊದಲು ಸಿಗುವುದು ಒಂದು ಗಾದೆ: ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಈ ಗಾದೆಯನ್ನು ನಾವು ಸಾಮಾನ್ಯವಾಗಿ ಕಷ್ಟಕ್ಕೆ ಬಿದ್ದವನನ್ನು ಎಲ್ಲರೂ ಸೇರಿ ತುಳಿಯುವ ಲೋಕರೂಢಿಯ ಬಗ್ಗೆ ಬಳಸುತ್ತೇವೆ. ಆದರೆ ಇದು ಉಪಮೆಯಾಗುವುದಕ್ಕೆ ಮೊದಲು ವರದಿಯಾಗಿತ್ತು. ತೋಳ ಬೀಳಲೆಂದು ಗುಂಡಿ ತೋಡುತ್ತಿದ್ದರು, ಬಿದ್ದ ತೋಳದ ಸುತ್ತ ಊರು ನೆರೆಯುತ್ತಿತ್ತು, ಒಬ್ಬೊಬ್ಬರ ಕೈಯಲ್ಲೂ ಒಂದು ಕಲ್ಲು. 'ಆಳಿಗೊಂದು' ಎಂಬ ಮಾತನ್ನು ಗಮನಿಸಿ. ಕೊಲ್ಲುವುದಕ್ಕೆ ಅಷ್ಟು ಕಲ್ಲು ಬೇಕಿಲ್ಲ. ತನ್ನ ಕುರಿಯನ್ನು ಕಳೆದುಕೊಂಡ ಪ್ರತಿಯೊಬ್ಬನಿಗೂ ಒಂದು ಪಾಲು ಸಿಗಬೇಕು, ಅದಕ್ಕೆ. ಈಗ ಈ ಗಾದೆಯ ಇನ್ನೊಂದು ರೂಪವೇ ಹೆಚ್ಚು ಚಾಲ್ತಿಯಲ್ಲಿದೆ: ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು. ತೋಳ ಗಾದೆಯಿಂದಲೂ ಹೊರಬಿದ್ದು ಆ ಜಾಗದಲ್ಲಿ ಮನುಷ್ಯ ಬಂದು ಕೂತಿದ್ದಾನೆ. ಒಂದು ಪ್ರಾಣಿ ನೆಲದಿಂದ ಮರೆಯಾಗುವುದಕ್ಕೂ ಮಾತಿನಿಂದ ಮರೆಯಾಗುವುದಕ್ಕೂ ಇರುವ ನಂಟಿಗೆ ಇದಕ್ಕಿಂತ ಸರಳ ಸಾಕ್ಷಿ ನನಗೆ ತೋಚುತ್ತಿಲ್ಲ.

ಇನ್ನೊಂದು ಉದಾಹರಣೆ ಈಸೋಪನ ಕುರಿ ಕಾಯುವ ಹುಡುಗ. ಮೂಲದಲ್ಲಿ ಅವನು ಸುಳ್ಳುಸುಳ್ಳೇ ಕೂಗಿದ್ದು ತೋಳ ಬಂತು ಎಂದು. ಕನ್ನಡದಲ್ಲಿ ತೋಳ ಬಂತು ತೋಳ ಅನ್ನುವ ರೂಪವೂ ಇದೆ, ಆದರೆ ಬಹಳ ಮಂದಿಯ ಬಾಯಲ್ಲಿ ಅದು ಹುಲಿ ಬಂತು ಹುಲಿ. ಕುರಿಮಂದೆಗೆ ತೋಳ ಬರುವುದೇ ದಿನನಿತ್ಯದ ಮಾತಾಗಿರುವ ನಾಡಿನಲ್ಲಿ ಕತೆ ಹೇಳುವಾಗ ನಾವು ಮಾತ್ರ ಹುಲಿಯನ್ನು ಕರೆಯುತ್ತೇವೆ. ಹುಲಿಗೆ ಘನತೆಯಿದೆ, ಪುಣ್ಯಕೋಟಿಯ ಕತೆಯಲ್ಲಿ ಅದಕ್ಕೆ ಆತ್ಮಸಾಕ್ಷಿಯೂ ಇದೆ. ನರಿಗೆ ಅದೃಷ್ಟವಿದೆ, ಬೆಳಿಗ್ಗೆ ಎದ್ದು ಅದರ ಮುಖ ನೋಡಿದರೆ ಒಳ್ಳೆಯದಂತೆ. ತೋಳಕ್ಕೆ ಇದಾವುದೂ ಇಲ್ಲ. ಪಂಪ ರನ್ನರ ಕಾವ್ಯ ಓದಿದವರಿಗೆ ಭೀಮನ ಹೆಸರುಗಳಲ್ಲಿ ವೃಕೋದರ ಎಂಬುದು ಗೊತ್ತು. ವೃಕ ಎಂದರೆ ತೋಳ, ತೋಳದ ಹೊಟ್ಟೆಯವನು. ಆ ಹೆಸರನ್ನು ಉಚ್ಚರಿಸುವಾಗ ನಮಗೆ ಹಸಿವು ಕೇಳಿಸುತ್ತದೆ, ಗದೆ ಕೇಳಿಸುತ್ತದೆ, ಪ್ರಾಣಿ ಕೇಳಿಸುವುದಿಲ್ಲ.

ಇಂಥ ಕಿವಿಯನ್ನೂ ಕಣ್ಣನ್ನೂ ಹೊತ್ತುಕೊಂಡು ನಾವು ಬಂಕಾಪುರಕ್ಕೆ ಹೋಗುತ್ತೇವೆ. (ಹಾವೇರಿ ಜಿಲ್ಲೆಯಲ್ಲಿ ಇನ್ನೊಂದು ಬಂಕಾಪುರವಿದೆ. ಅಲ್ಲಿಯ ಕೋಟೆಯೊಳಗೆ ನವಿಲುಧಾಮವಿದೆ. ನವಿಲು ಹುಡುಕಿಕೊಂಡು ಬಂದು ತೋಳದ ಊರಿಗೆ ಇಳಿಯುವವರೂ ಮುಂದೆ ಇರಬಹುದು.) ಈ ಬಂಕಾಪುರದ ವಿಸ್ತೀರ್ಣ 332 ಹೆಕ್ಟೇರ್, ಎಕರೆಯಲ್ಲಿ ಹೇಳಿದರೆ 822. ಕುರುಚಲು, ಸಣ್ಣ ಗುಡ್ಡ, ಬಂಡೆಗಳ ನಡುವಿನ ಗವಿಗಳು. ತೋಳದ ಜೊತೆಗೆ ನರಿ, ಮೊಲ, ಮುಳ್ಳುಹಂದಿ, ನವಿಲು, ಕೃಷ್ಣಮೃಗ. ಈಚೆಗೆ ಅಲ್ಲಿ ತೋಳವೊಂದು 8 ಮರಿ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ದೇಶದಲ್ಲಿ ಇದಕ್ಕೆ ಮೊದಲು ತೋಳಕ್ಕೆಂದೇ ಇದ್ದದ್ದು ಜಾರ್ಖಂಡ್‌ನ ಮಹುವಾಡಾಂಡ್ ಒಂದೇ. ಅಷ್ಟರಮಟ್ಟಿಗೆ ಇದು ದೊಡ್ಡ ಹೆಜ್ಜೆ, ಅದರಲ್ಲಿ ಅನುಮಾನ ಬೇಡ.

ಆದರೆ 332 ಹೆಕ್ಟೇರ್ ಅಂದರೆ ಮೂರೂಕಾಲು ಚದರ ಕಿಲೋಮೀಟರಿಗಿಂತ ಚೂರು ಹೆಚ್ಚು. ಬಯಲಿನ ಒಂದು ತೋಳದ ಹಿಂಡು ಓಡಾಡುವ ಸೀಮೆ ನೂರು ಚದರ ಕಿಲೋಮೀಟರಿಗೂ ಮೀರಿದ್ದು. ಈ ಲೆಕ್ಕವನ್ನು ಪಕ್ಕಪಕ್ಕ ಇಟ್ಟರೆ ಧಾಮ ಎಂಬ ಶಬ್ದವೇ ಅಲುಗಾಡುತ್ತದೆ. ಧಾಮ ಎಂದರೆ ನೆಲೆ, ಮನೆ, ಯಾತ್ರೆ ಹೋಗಿ ಮುಟ್ಟುವ ಜಾಗ. ಬಂಕಾಪುರ ತೋಳದ ಮನೆಯಲ್ಲ, ಹೆಚ್ಚೆಂದರೆ ಬಾಣಂತಿ ಕೋಣೆ. ಮರಿ ಹಾಕುವುದು ಅಲ್ಲಿ, ಹಗಲು ಮಲಗುವುದು ಅಲ್ಲಿ. ಉಣ್ಣುವುದು, ಅಲೆಯುವುದು, ಜೊತೆ ಹುಡುಕುವುದು, ಮರಿಗಳು ದೊಡ್ಡವಾಗಿ ಹೊಸ ಸೀಮೆಗೆ ಹೊರಡುವುದು ಎಲ್ಲ ಸುತ್ತಲಿನ ಊರುಗಳ ಹೊಲದಲ್ಲಿ, ಕುರಿಹಟ್ಟಿಗಳ ನೆರಳಿನಲ್ಲಿ. ಧಾಮದ ಬೇಲಿಯೊಳಗೆ ನಿಂತು ತೋಳ ನೋಡುತ್ತೇನೆಂದು ಹೊರಟವನು ಒಂದು ಕಾದಂಬರಿಯ ಒಂದೇ ಪುಟ ಹಿಡಿದು ಕೂತಂತೆ. ಉಳಿದ ಪುಟಗಳು ಸುತ್ತಲಿನ ತಾಲ್ಲೂಕುಗಳಲ್ಲಿ ಹರಡಿಕೊಂಡಿವೆ.

ಇಲ್ಲಿ ಹಸಿರಿನ ಪ್ರಶ್ನೆ ಎದುರಾಗುತ್ತದೆ. ಮಲೆನಾಡಿನ ಓದು ನಮಗೆ ಕಲಿಸಿದ್ದು ಹಸಿರಿದ್ದಲ್ಲಿ ಜೀವವಿದೆ, ಹಸಿರಿಲ್ಲದ್ದು ಬರಡು ಎಂದು. ಗಂಗಾವತಿ ಈ ಪಾಠವನ್ನು ತಲೆಕೆಳಗು ಮಾಡುತ್ತದೆ. ಇದು ಭತ್ತದ ಕಣಜ. ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ, ಅಂದರೆ 1950ರ ದಶಕದಿಂದೀಚೆಗೆ, ಕಣ್ಣು ಹಾಯುವಷ್ಟು ದೂರ ಹಸಿರು. ಆ ಹಸಿರು ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿತು, ಅದನ್ನು ಯಾರೂ ತಪ್ಪೆನ್ನಲಾರರು. ಆದರೆ ತೋಳದ ಕಡೆಯಿಂದ, ಚಿಗರಿಯ ಕಡೆಯಿಂದ ನೋಡಿದರೆ ಆ ಹಸಿರೇ ಬರಗಾಲ. ಕೆಸರುಗದ್ದೆಯಲ್ಲಿ ತೋಳ ಗೂಡು ತೋಡಲಾರದು, ಚಿಗರಿ ಓಡಲಾರದು. ನಮಗೆ ಬೋಳಾಗಿ ಕಾಣುವ ಗುಡ್ಡವೇ ಅವಕ್ಕೆ ಸಮೃದ್ಧಿ. ತಂಗಡಿಯ ಹಳದಿ ಹೂವು, ಬಂದರಿಕೆಯ ಮೆಳೆ, ಮಳೆಗಾಲ ಮುಗಿದ ಮೇಲೆ ಒಣಗಿ ಬೆಳ್ಳಗಾಗುವ ಕರಡ, ಅದರ ಬುಡದಲ್ಲಿ ಗೌಜಲಹಕ್ಕಿ. ಇದನ್ನು ಸರ್ಕಾರದ ಬಂಜರು ಭೂಮಿಯ ನಕಾಶೆಗಳು ಬಂಜರು ಅಂದವು. ಬಂಜರು ಅಂದ ಮೇಲೆ ಅದನ್ನು ಸರಿಪಡಿಸಬೇಕಲ್ಲ. ಸರಿಪಡಿಸುವುದೆಂದರೆ ಗಿಡ ನೆಡುವುದು. ಹುಲ್ಲುಗಾವಲಿನ ಮೇಲೆ ನೀಲಗಿರಿ ಬಂತು, ಯಾರೂ ಕಾಯದಿದ್ದರೂ ಬೆಳೆಯುತ್ತದೆ ಎಂದು ಬಳ್ಳಾರಿ ಜಾಲಿ ಬಂತು. ವನಮಹೋತ್ಸವದ ಕವಿತೆಗಳನ್ನು ಶಾಲೆಯಲ್ಲಿ ಹಾಡಿ ಬೆಳೆದ ನಮಗೆ ಗಿಡ ನೆಡುವುದೂ ಒಂದು ಕಾಡನ್ನು ಕೊಲ್ಲುವ ದಾರಿಯಾಗಬಹುದು ಎಂದರೆ ನಂಬಿಕೆ ಬರುವುದಿಲ್ಲ. ಇಲ್ಲಿ ಬಂಜರು ಎಂಬ ಶಬ್ದದ ಹಿಂದೆ ಒಂದು ಕಾವ್ಯಮೀಮಾಂಸೆಯೇ ಇದೆ: ಯಾವುದು ವರ್ಣನೆಗೆ ತಕ್ಕದ್ದು, ಯಾವುದು ಅಲ್ಲ ಎಂಬ ತೀರ್ಪು. ಆ ತೀರ್ಪು ಕೊಡುವುದರಲ್ಲಿ ಕಂದಾಯ ಇಲಾಖೆಯಷ್ಟೇ ಪಾಲು ನಮ್ಮ ಪಠ್ಯಪುಸ್ತಕಗಳದ್ದೂ ಇದೆ.

ಚಿಗರಿಯ ಮಾತು ಬಂತು. ಕೃಷ್ಣಮೃಗವನ್ನು ಉತ್ತರ ಕರ್ನಾಟಕದ ಜನ ಕರೆಯುವುದು ಚಿಗರಿ ಎಂದು. ಸಂಸ್ಕೃತ ನಾಟಕ ಓದಿದವರಿಗೆ ಅದು ದುಷ್ಯಂತನ ಬಾಣದ ಮುಂದೆ ಓಡುವ ಆಶ್ರಮದ ಮೃಗ. ಯಲಬುರ್ಗಾ, ಕುಕನೂರು ಕಡೆಯ ಎರೆ ಹೊಲದ ರೈತನಿಗೆ ಅದು ಹೆಸರು, ಶೇಂಗಾ ಮೊಳಕೆಯೊಡೆದ ವಾರಕ್ಕೇ ಹಿಂಡುಗಟ್ಟಿ ಬಂದು ಸಾಲುಸಾಲು ಮೇಯ್ದು ಹೋಗುವ ಪ್ರಾಣಿ. ಜಿಂಕೆ ಹಾವಳಿ ತಡೆಯಿರಿ, ಜಿಂಕೆವನ ಮಾಡಿ ಎಂಬ ಬೇಡಿಕೆ ಈ ಭಾಗದ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಮುಂಗಾರಿನಷ್ಟೇ ನಿಯಮಿತ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಚಿಗರಿಯೂ ಇದೆ, ತೋಳವೂ ಇದೆ. ರೈತನ ಬೆಳೆ ತಿನ್ನುವ ಚಿಗರಿಯನ್ನು ತೋಳ ತಿನ್ನುತ್ತದೆ, ಚಿಗರಿ ಸಿಗದಲ್ಲಿ ಕುರುಬನ ಕುರಿಯನ್ನು ತಿನ್ನುತ್ತದೆ. ಹೀಗಾಗಿ ಒಂದೇ ಊರಿನಲ್ಲಿ ತೋಳ ಬೇಕು ಅನ್ನಬೇಕಾದ ರೈತನೂ ಬೇಡ ಅನ್ನುವ ಕುರಿಗಾಹಿಯೂ ಇರುತ್ತಾರೆ. ಕೆಲವೊಮ್ಮೆ ಇಬ್ಬರೂ ಒಬ್ಬನೇ ಆಗಿರುತ್ತಾನೆ. ಇಂಥ ಒಬ್ಬ ಮನುಷ್ಯನ ಮೇಲೆ ಒಂದು ಕಾದಂಬರಿ ಬರೆಯುವಷ್ಟು ದ್ವಂದ್ವವಿದೆ. ಕನ್ನಡದಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿಲ್ಲ.

ಕಾಡನ್ನು ನೋಡಿಸುವ ವ್ಯವಸ್ಥೆ ಹೇಗಿರುತ್ತದೆ ಎಂಬುದಕ್ಕೆ ಈ ಸೀಮೆಯಲ್ಲಿ ಈಗಾಗಲೇ ಒಂದು ಮಾದರಿ ಇದೆ. ಅದು ದರೋಜಿ. 1994ರಲ್ಲಿ ಘೋಷಣೆಯಾದ ಈ ಕರಡಿಧಾಮಕ್ಕೆ ಹಂಪಿ ನೋಡಲು ಬಂದವರು ಕಮಲಾಪುರದ ದಾರಿಯಿಂದ ಹೋಗುತ್ತಾರೆ. ವೀಕ್ಷಣಾ ಗೋಪುರ ಹತ್ತಿ ಕುಳಿತರೆ ಎದುರಿಗೆ ಬಂಡೆಗಳ ಗುಡ್ಡ. ಮಧ್ಯಾಹ್ನ ಸಿಬ್ಬಂದಿ ಹೋಗಿ ಬಂಡೆಗಳಿಗೆ ಬೆಲ್ಲದ ಪಾಕ, ಜೇನು ಬಳಿದು ಬರುತ್ತಾರೆ. ಬಿಸಿಲು ಇಳಿಯುವ ಹೊತ್ತಿಗೆ ಕರಡಿಗಳು ಗವಿಯಿಂದ ಇಳಿದು ಬಂದು ನೆಕ್ಕುತ್ತವೆ. ಬೆನ್ನ ಮೇಲೆ ಮರಿ ಹೊತ್ತ ತಾಯಿ ಬಂದರೆ ಗೋಪುರದಲ್ಲಿ ಉಸಿರು ನಿಲ್ಲುತ್ತದೆ, ನಿಲ್ಲುವಂಥದ್ದೇ ದೃಶ್ಯ ಅದು. ಆದರೆ ಇದು ರಂಗಭೂಮಿ. ವೇದಿಕೆ ಇದೆ, ಪ್ರವೇಶದ ಸಮಯವಿದೆ, ಪ್ರೇಕ್ಷಕರ ಸಾಲಿದೆ, ನಟನಿಗೆ ಬೆಲ್ಲದ ಸಂಭಾವನೆಯೂ ಇದೆ. ದರೋಜಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಗಣಿಯ ಸದ್ದು ತುಂಬಿದ ಜಿಲ್ಲೆಯಲ್ಲಿ ಕರಡಿಗೊಂದಿಷ್ಟು ಗುಡ್ಡ ಉಳಿದದ್ದೇ ದೊಡ್ಡದು, ಮತ್ತು ಜನ ನೋಡಿದ್ದರಿಂದ ಅದು ಉಳಿಯಿತು ಎಂಬ ವಾದಕ್ಕೂ ತೂಕವಿದೆ. ನನ್ನ ತಕರಾರು, ಕಾಡು ನಿಗದಿತ ಹೊತ್ತಿಗೆ ನಮ್ಮ ಮುಂದೆ ಬಂದು ನಿಲ್ಲಬೇಕು ಎಂಬ ನಿರೀಕ್ಷೆಯನ್ನು ಅದು ಕಲಿಸುತ್ತದೆ ಎನ್ನುವುದು. ಆ ನಿರೀಕ್ಷೆ ಹೊತ್ತ ಪ್ರೇಕ್ಷಕ ನಾಳೆ ಬಂಕಾಪುರಕ್ಕೆ ಬಂದು ಟಿಕೆಟ್ ಕೇಳುತ್ತಾನೆ. ತೋಳಕ್ಕೆ ಬೆಲ್ಲ ಬಳಿಯಲಾಗದು. ಅದನ್ನು ಗೋಪುರದ ಕೆಳಗೆ ತರಬೇಕೆಂದರೆ ಮಾಂಸ ಹಾಕಬೇಕು. ಮಾಂಸ ಹಾಕಿದ ಜಾಗಕ್ಕೆ ತೋಳಕ್ಕಿಂತ ಮೊದಲು ಬೀದಿನಾಯಿ ಬರುತ್ತದೆ. ನಾಯಿಯಿಂದ ರೋಗ ಬರುತ್ತದೆ, ನಾಯಿಯೊಂದಿಗೆ ಕೂಡಿ ಬೆರಕೆ ಮರಿಯೂ ಹುಟ್ಟುತ್ತದೆ. 2021ರಲ್ಲಿ ಪ್ರಕಟವಾದ ತಳಿಶಾಸ್ತ್ರದ ಅಧ್ಯಯನವೊಂದು ನಮ್ಮ ಬಯಲಿನ ತೋಳ ಜಗತ್ತಿನಲ್ಲಿ ಈಗ ಬದುಕಿರುವ ತೋಳಗಳಲ್ಲೇ ಬಹು ಹಳೆಯ ಕವಲು ಎಂದು ತೋರಿಸಿದೆ. ಅಷ್ಟು ಹಳೆಯದೊಂದನ್ನು ಸಂಜೆಯ ಒಂದು ಪ್ರದರ್ಶನಕ್ಕೆ ಒಡ್ಡುವುದು ಮೂರ್ಖತನ.

ನೀರುನಾಯಿಯ ಪ್ರದೇಶ ಇದಕ್ಕೆ ಬೇರೆಯದೇ ಮಾದರಿ, ಅದರ ಬಗ್ಗೆ ಯಾರೂ ಮಾತಾಡದಿರುವುದೂ ಒಂದು ಬಗೆಯಲ್ಲಿ ಒಳ್ಳೆಯದೇ. 2015ರಲ್ಲಿ ಘೋಷಣೆಯಾದ ಇದು ಅಭಯಾರಣ್ಯವಲ್ಲ, ಸಂರಕ್ಷಿತ ಪ್ರದೇಶ. 2002ರ ತಿದ್ದುಪಡಿಯಿಂದ ಕಾಯ್ದೆಯೊಳಗೆ ಬಂದ ಈ ವರ್ಗದ ತಿರುಳು, ಅಲ್ಲಿ ಬದುಕುವ ಜನರ ಜೊತೆ ಸಮಾಲೋಚಿಸಿ ಮಾಡಬೇಕು ಎಂಬುದು. ಇಲ್ಲಿ ದ್ವಾರವಿಲ್ಲ, ಟಿಕೆಟ್ಟಿಲ್ಲ. ಆನೆಗೊಂದಿಯ ದಂಡೆಯಲ್ಲಿ ಬಟ್ಟೆ ಒಗೆಯುವವರು, ಹರಿಗೋಲು ಹಾಕುವವರು, ಬಲೆ ಬೀಸುವವರು ಎಲ್ಲ ಅದರೊಳಗೇ ಇದ್ದಾರೆ. ಹಂಪಿಗೆ ಬಂದ ಲಕ್ಷಾಂತರ ಜನ ತಮಗೆ ಗೊತ್ತಿಲ್ಲದೆಯೇ ಒಂದು ವನ್ಯಜೀವಿ ಪ್ರದೇಶದ ದಂಡೆಯಲ್ಲಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಬಂಡೆಯ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ಕಂಡರೆ ನೀರುನಾಯಿ ಬಂದು ಹೋಗಿದೆ ಎಂದು ಮೀನುಗಾರ ಹೇಳಬಲ್ಲ. ತನ್ನ ಬಲೆ ಹರಿದದ್ದನ್ನೂ ಹೇಳುತ್ತಾನೆ, ಬೈಗುಳದ ಜೊತೆಗೆ. ಆ ಬೈಗುಳದಲ್ಲಿ ಪರಿಚಯವಿದೆ. ಮರಳು ತೋಡುವವರಿಗೆ, ನೀರಿಗೆ ಸಿಡಿಮದ್ದು ಹಾಕಿ ಮೀನು ಹಿಡಿಯುವವರಿಗೆ ಆ ಪರಿಚಯವೂ ಇಲ್ಲ.

ಈ ಪರಿಚಯದ ಮಾತಿಗೆ ಬಂದಾಗ ನನಗೆ ಮತ್ತೆ ನೆನಪಾಗುವುದು ತೇಜಸ್ವಿಯವರ 'ಕರ್ವಾಲೊ'. ನಾವು ಅದನ್ನು ಹಾರುವ ಓತಿಯ ಕತೆಯಾಗಿ, ದಟ್ಟ ಕಾಡಿನ ಕತೆಯಾಗಿ ನೆನಪಿಟ್ಟುಕೊಂಡಿದ್ದೇವೆ. ಆದರೆ ಆ ಕಾದಂಬರಿಯ ಬೆನ್ನೆಲುಬು ಮಂದಣ್ಣ. ವಿಜ್ಞಾನಿಗೆ ಪುಸ್ತಕದಲ್ಲಿ ಗೊತ್ತಿರುವುದು ಜೇನು ಹಿಡಿಯುವ ಈ ಹುಡುಗನಿಗೆ ಕಣ್ಣಲ್ಲಿ ಗೊತ್ತಿದೆ. ಅವನಿಲ್ಲದೆ ಕರ್ವಾಲೊ ಒಂದು ಹೆಜ್ಜೆ ಮುಂದಿಡಲಾರರು. ಊರವರ ಲೆಕ್ಕದಲ್ಲಿ ಅವನು ಉಪಯೋಗಕ್ಕೆ ಬಾರದವನು. ಕೊನೆಗೂ ಓತಿ ಕೈಗೆ ಸಿಗುವುದಿಲ್ಲ. ಕಾಡು ಸುತ್ತುವ ನಮ್ಮ ಬರಹಗಳು ಈ ಕಾದಂಬರಿಯಿಂದ ಮಂಜನ್ನೂ ಮರವನ್ನೂ ಎತ್ತಿಕೊಂಡವು, ಮಂದಣ್ಣನನ್ನು ಅಲ್ಲೇ ಬಿಟ್ಟು ಬಂದವು. ಸಫಾರಿ ಬರಹದಲ್ಲಿ ಸ್ಥಳೀಯನೊಬ್ಬ ಬಂದರೆ ಅವನು ಚಾಲಕ, ಇಲ್ಲವೇ ಹುಲಿಯ ಹೆಸರು ಹೇಳಿ ನಕ್ಕು ಸುಮ್ಮನಾಗುವ ಗಾರ್ಡ್. ಕೊಪ್ಪಳದ ಬಯಲಿನಲ್ಲಿ ಮಂದಣ್ಣನ ಜಾಗದಲ್ಲಿರುವವನು ಕುರಿಗಾಹಿ.

ಕಂಬಳಿ ಹೊದ್ದು, ಹಟ್ಟಿಯ ಸುತ್ತ ಬಲೆ ಕಟ್ಟಿ, ಊರಿಂದೂರಿಗೆ ಹೋಗುತ್ತ, ಹೊಲದ ಒಡೆಯನ ಜೊತೆ ಮಾತಾಡಿಕೊಂಡು ಗೊಬ್ಬರಕ್ಕೆ ಕುರಿ ತರುಬುವ ಇವರಷ್ಟು ತೋಳವನ್ನು ನೋಡಿದವರು ಯಾರೂ ಇಲ್ಲ. ಯಾವ ಹೊತ್ತಿಗೆ ಬರುತ್ತದೆ, ಒಂದು ತೋಳ ನಾಯಿಗಳನ್ನು ಒಂದು ಕಡೆ ಎಳೆದೊಯ್ಯುವಾಗ ಇನ್ನೊಂದು ಎಲ್ಲಿಂದ ನುಗ್ಗುತ್ತದೆ, ಗರ್ಭದ ಕುರಿಯನ್ನು ಹೇಗೆ ಆರಿಸುತ್ತದೆ ಎಂದು ಅವರು ಹೇಳುವಾಗ ಸಿಟ್ಟೂ ಮೆಚ್ಚುಗೆಯೂ ಒಟ್ಟಿಗೇ ಕೇಳಿಸುತ್ತವೆ. ಇವರ ಹಾಡುಪರಂಪರೆ ಸಣ್ಣದಲ್ಲ. ಬೀರಪ್ಪ, ಮೈಲಾರರ ಕಥನಗಳನ್ನು ಡೊಳ್ಳಿನ ಮೇಲೆ ರಾತ್ರಿಯಿಡೀ ಹಾಡುವವರು ಇವರು. ಮೈಲಾರನ ಗೊರವರು ತಲೆಗೆ ಕರಡಿ ಕೂದಲಿನ ಟೊಪ್ಪಿಗೆ ಹಾಕುತ್ತಾರೆ, ಅವನ ವಗ್ಗಯ್ಯಗಳು ನಾಯಿಯಂತೆ ಬೊಗಳುತ್ತಾರೆ. ಮಂದೆ ಕಾಯುವ ನಾ‌ಯಿಯನ್ನು ಭಕ್ತನನ್ನಾಗಿ ಮಾಡಿಕೊಂಡ ಧರ್ಮ ಇದು. ಮಂದೆ, ನಾಯಿ, ಕರಡಿ ಎಲ್ಲ ಒಂದೇ ಅಂಗಳದಲ್ಲಿರುವ ಈ ಲೋಕವನ್ನು ಜಾನಪದ ವಿಭಾಗಗಳು ಮತ-ಆಚರಣೆ ಎಂದು ಓದಿದಷ್ಟು ನೆಲದ ಅರಿವು ಎಂದು ಓದಲಿಲ್ಲ. ಹಿರೇಬೆಣಕಲ್ಲಿನ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದಿಂದ ಬಿಡಿಸಿದ ಪ್ರಾಣಿ-ಮನುಷ್ಯರ ಚಿತ್ರಗಳನ್ನು ನೋಡುವವರು ಅದರ ಕಾಲ ಕೇಳುತ್ತಾರೆ. ಅದೇ ಗುಡ್ಡದ ಬುಡದಲ್ಲಿ ಕುರಿ ಕಾಯುವವನನ್ನು ಏನಾದರೂ ಕೇಳುವವರು ಕಡಿಮೆ.

ತೋಳ ಕುರಿ ಹಿಡಿದರೆ ಪರಿಹಾರ ಕೊಡುವ ನಿಯಮವಿದೆ. ನಿಯಮಕ್ಕೆ ಸಾಕ್ಷಿ ಬೇಕು: ಸತ್ತ ಕುರಿಯ ದೇಹ, ಪಶುವೈದ್ಯರ ವರದಿ, ಫೋಟೊ, ಅರ್ಜಿ. ತೋಳ ಕುರಿಯನ್ನು ಹೊತ್ತೊಯ್ದರೆ ದೇಹವಿಲ್ಲ. ಕುರಿಗಾಹಿ ಮರುದಿನವೇ ಮುಂದಿನ ಊರಿಗೆ ಹೋಗಬೇಕಾದವನಾದರೆ ಅರ್ಜಿ ಹಾಕಲು ನಿಲ್ಲುವಂತಿಲ್ಲ. ನಿಂತರೆ ಉಳಿದ ನೂರು ಕುರಿಗೆ ಮೇವಿಲ್ಲ. ಹೀಗಾಗಿ ತೋಳವನ್ನು ಉಳಿಸುವ ಖರ್ಚಿನ ದೊಡ್ಡ ಪಾಲನ್ನು ಲೆಕ್ಕಕ್ಕೆ ಬಾರದಂತೆ ಕೊಡುತ್ತ ಬಂದಿರುವುದು ಕುರಿಮಂದೆಗಳೇ. ಗವಿಗೆ ಹೊಗೆ ಹಾಕಿ ಮರಿಗಳನ್ನು ಕೊಂದವರೂ ಅವರ ನಡುವೆ ಇದ್ದಾರೆ, ಅದನ್ನು ಮುಚ್ಚಿಡಬೇಕಿಲ್ಲ. ಇಷ್ಟು ಕಾಲ ಅವರ ನಡುವೆಯೇ ತೋಳ ಉಳಿದುಕೊಂಡು ಬಂದಿದೆ ಎಂಬುದೂ ಅಷ್ಟೇ ನಿಜ. ಧಾಮವೆಂದು ಘೋಷಿಸಿ ಕುರಿಯನ್ನು ಹೊರಗಟ್ಟಿದರೆ ಮೇವು ಕಳೆದುಕೊಂಡವನ ಕೈಯಲ್ಲಿ ಮತ್ತೆ ಅದೇ ಕಲ್ಲು ಬರುತ್ತದೆ. ಅಭಯಾರಣ್ಯದಲ್ಲಿ ಮೇಯಿಸುವುದನ್ನು ನಿಯಂತ್ರಿಸಲು ಕಾನೂನಿನಲ್ಲಿ ಅವಕಾಶವಿದೆ, ಪೂರ್ತಿ ನಿಷೇಧಿಸಲೇಬೇಕೆಂದೇನೂ ಇಲ್ಲ. ಆ ಅಂತರದೊಳಗೆ ಎಷ್ಟು ವಿವೇಕ ತುಂಬುತ್ತಾರೆ ಎಂಬುದರ ಮೇಲೆ ಬಂಕಾಪುರದ ಹಣೆಬರಹ ನಿಂತಿದೆ.

ಪ್ರವಾಸಿಯ ಮಟ್ಟಿಗೆ ಹೇಳುವುದಾದರೆ, ಬಯಲಿನ ಕಾಡಿಗೆ ಹೋಗುವುದು ಪ್ರಾಣಿ ನೋಡಲು ಹೋಗುವುದಲ್ಲ. ಗುರುತು ನೋಡಬೇಕು, ಬೆಳಿಗ್ಗೆ ಆರಕ್ಕೆ ಹಳ್ಳದ ಮರಳಿನಲ್ಲಿ ನಾಯಿಯದೋ ತೋಳದ್ದೋ ಎಂದು ಜಗಳವಾಡಬಹುದಾದಂಥ ಹೆಜ್ಜೆ ನೋಡಬೇಕು, ಹಟ್ಟಿಯ ಪಕ್ಕ ಕೂತು ರಾತ್ರಿ ಏನಾಯಿತು ಎಂದು ಕೇಳಬೇಕು. ಕೇಳಿದ್ದನ್ನು ಬರೆಯಲು ಬೇರೆ ಅಚ್ಚು ಬೇಕು. ಕುಷ್ಟಗಿ-ಯಲಬುರ್ಗಾದಲ್ಲಿ ಹುಟ್ಟಿ ಬೆಳೆದು ಈಗ ಬರೆಯುತ್ತಿರುವ ಹೊಸ ಕತೆಗಾರರ ಕಿವಿಯಲ್ಲಿ ಅದಕ್ಕೆ ಬೇಕಾದ ಶಬ್ದಗಳೆಲ್ಲ ಇವೆ. ಮರಡಿ, ಮಸಾರಿ, ತರುಬು, ಕರಡ, ಚಿಗರಿ. ಶಿಷ್ಟ ಕನ್ನಡಕ್ಕೆ ತಿದ್ದುವಾಗ ಸಂಪಾದಕರು ಮೊದಲು ಹೊಡೆದುಹಾಕುವುದೂ ಇವನ್ನೇ.

ಸದ್ಯಕ್ಕೆ ಇನ್ನೊಂದು ಸಣ್ಣ, ಆದರೆ ತುರ್ತಿನ ವಿಷಯವಿದೆ. ದಖ್ಖನಿನ ತೋಳಗಳು ಮರಿ ಹಾಕುವುದು ಚಳಿಗಾಲದಲ್ಲಿ. ಹಂಪಿ, ಆನೆಗೊಂದಿ, ಅಂಜನಾದ್ರಿಗೆ ಜನ ಮುಗಿಬೀಳುವುದೂ ಆಗಲೇ, ನವೆಂಬರಿನಿಂದ ಜನವರಿಯವರೆಗೆ. ಶಾಲೆಗಳ ಪ್ರವಾಸದ ಬಸ್ಸುಗಳೂ ಡಿಸೆಂಬರಿನಲ್ಲೇ ಈ ದಾರಿ ಹಿಡಿಯುತ್ತವೆ. ಬಂಕಾಪುರವನ್ನು ಪ್ರವಾಸಿ ನಕಾಶೆಗೆ ಸೇರಿಸುವ ಮಾತು ಬಂದಾಗ, ವರ್ಷದಲ್ಲಿ ಈ ಮೂರು ತಿಂಗಳು ಗೇಟು ಹಾಕಿರಬೇಕು ಎಂಬ ಷರತ್ತನ್ನು ಯಾರಾದರೂ ಮೊದಲ ಸಾಲಿನಲ್ಲೇ ಬರೆಸಬೇಕು.